ಹಳೇ ಮನೆಯ ಜಂತೆಗಳಿಂದ ಊಟದ ಟೇಬಲ್ ಮಾಡಿಸಬಹುದಾ?

ಸಾಗರದ ಸೊಸೆ:
ಸಾಗರದ ಹತ್ತಿರ ಮಾವನವರ ಹಳೇ ಮನೆ ಇಳಿಸಿದೆವು. ಹೆಂಚು ಪಕ್ಕದೂರಿನವರು ಒಯ್ದರು. ಉಳಿದದ್ದು ಅಡುಗೆಮನೆ ಅಟ್ಟದ 10 ಹಲಸಿನ ಜಂತೆ, 11 ಅಡಿಯ ಒಂದು ತೊಲೆ. ಎಲ್ಲರೂ ಸೌದೆಗೆ ಕೊಟ್ಟುಬಿಡಿ ಅಂದರು. ಮನಸ್ಸು ಬರಲಿಲ್ಲ. ಲಾರಿ ಬಾಡಿಗೆ ಕೊಟ್ಟು ಬೆಂಗಳೂರಿಗೆ ತಂದೆ. ಈಗ ಇಲ್ಲಿನ ಬಡಗಿ, "ಇದರ ಕೂಲಿಗೆ ಪ್ಲೈವುಡ್ಡಿನ ಹೊಸ ಟೇಬಲ್ಲೇ ಬರುತ್ತೆ ಮೇಡಂ" ಅಂತಾರೆ. ಎರಡು ಜಂತೆಯಲ್ಲಿ ಸೂಜಿ ಚುಚ್ಚಿದ ಹಾಗೆ ತೂತುಗಳಿವೆ. ಆರು ಜನ ಕೂರುವ ಟೇಬಲ್ ಆಗುತ್ತಾ? ನಾನು ಸುಮ್ನೆ ಹಟ ಮಾಡ್ತಿದ್ದೀನಾ?

ಕೀಸುಳಿ:
ಬಡಗಿ ಹೇಳಿದ್ದು ಸುಳ್ಳಲ್ಲ. ನಾನೂ ಅದೇ ಕೆಲಸದವನು, ಮೊಳೆ ಕೀಳೋಕೇ ಎರಡು ದಿನ ಹಿಡಿಯುತ್ತೆ. ಆದರೆ ಅಷ್ಟು ವರ್ಷ ಒಣಗಿ ಕೂತ ಮರ ಹೊಸದರ ಹಾಗೆ ಸೊಟ್ಟ ಆಗಲ್ಲ. ತೂತಿರುವ ಜಂತೆಗಳನ್ನು ಪೇಪರ್ ಮೇಲೆ ಇಟ್ಟು ಚೆನ್ನಾಗಿ ತಟ್ಟಿ. ಇರುವ ಪುಡಿಯೆಲ್ಲ ಉದುರಲಿ. ಎರಡು ವಾರ ಬಿಟ್ಟು ನೋಡಿದಾಗ ಮತ್ತೆ ನುಣ್ಣನೆ ಹಿಟ್ಟು ಬಿದ್ದಿದ್ದರೆ ಹುಳು ಒಳಗೆ ಬದುಕಿದೆ. ಅದನ್ನು ಮನೆಯೊಳಗೆ ತರಲೇಬೇಡಿ. ಸಾಮಿಲ್‌ಗೆ ಒಯ್ಯುವ ಮುಂಚೆ ಹಾಳಾದ ಸ್ಪೀಕರಿನ ಆಯಸ್ಕಾಂತ ತಗೊಂಡು ಎಲ್ಲಾ ಕಡೆ ಓಡಿಸಿ. ತಲೆ ಮುರಿದ ಮೊಳೆ ಕಣ್ಣಿಗೆ ಕಾಣಲ್ಲ. ನನ್ನ ಒಂದು ಬ್ಲೇಡು ಹಾಗೇ ಹೋಯಿತು.

ಬಾಲ್ಕನಿ ಬೆಂಚು:
ಮರ ಸಾಲದಿದ್ದರೆ ಕೂರಲು ಬೆಂಚನ್ನು ಪ್ಯಾಲೆಟ್ (ಸರಕು ಸಾಗಿಸುವಾಗ ಅಡಿಗೆ ಇಡುವ ಮರದ ಚೌಕಟ್ಟು) ಹಲಗೆಯಲ್ಲಿ ಮಾಡಿಸಿ. ನಾನು ಮಾಡಿಕೊಂಡಿದ್ದೇನೆ. ಹೊರದೇಶಕ್ಕೆ ಹೋಗಿಬಂದ ಪ್ಯಾಲೆಟ್ ಮೇಲೆ ಸುಟ್ಟ ಮುದ್ರೆ ಇರುತ್ತೆ. ಎಚ್‌ಟಿ ಅಂತಿದ್ದರೆ ಮರದ ಒಳತಿರುಳಿಗೂ 56 ಡಿಗ್ರಿ ಬಿಸಿ ತಾಗುವ ಹಾಗೆ 30 ನಿಮಿಷ ಕಾಯಿಸಿದ್ದು. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು, ಅದನ್ನು ಬಿಟ್ಟುಬಿಡಿ. ಎಣ್ಣೆ ಕಲೆ ಇದ್ದರೂ ಬೇಡ.

ಸಾಗರದ ಸೊಸೆ:
ಒಂದು ಜಂತೆ ಹಿಟ್ಟು ಉದುರಿಸಿತು, ಅದನ್ನು ಬಿಟ್ಟೆ. ಉಳಿದವುಗಳಲ್ಲಿ ಆಯಸ್ಕಾಂತಕ್ಕೆ 23 ಮೊಳೆ ಸಿಕ್ಕವು! ಬೇರೆ ಬಡಗಿ ಒಪ್ಪಿಕೊಂಡರು. ತೊಲೆಯಲ್ಲಿ ನಾಲ್ಕು ಕಾಲು ಆದವು. ಹೊಗೆ ಕುಡಿದು ಕರ್ರಗಾಗಿದ್ದ ಜಂತೆಯನ್ನು ಒಂದು ಪದರ ಕೀಸಿದರೆ ಒಳಗೆ ಅರಿಶಿನದ ಬಣ್ಣ, ನಂಬಲಿಕ್ಕಾಗಲಿಲ್ಲ. ಈಗ ತಕರಾರು ಒಂದೇ. ಬಾಳೆಗೊನೆ ತೂಗುಹಾಕುತ್ತಿದ್ದ ಕೊಕ್ಕೆಯ ತೂತು ಟೇಬಲ್ ನಡುವೆ ಬಂದಿದೆ. ನನಗೆ ಅದು ಇರಲಿ ಅಂತ. ಅತ್ತೆ, "ಅನ್ನದಗುಳು ಸೇರಿ ಇರುವೆ ಬರುತ್ತೆ, ಮುಚ್ಚಿಸು" ಅಂತಾರೆ.

ಕೀಸುಳಿ:
ಅತ್ತೆ ಮಾತು ಕೇಳಿ. ಅದೇ ಮರದ ಹೊಟ್ಟಿಗೆ ಫೆವಿಕಾಲ್ ಕಲಸಿ ತುಂಬಿ. ಬಣ್ಣ ಸ್ವಲ್ಪ ಗಾಢವಾಗಿ ನಿಲ್ಲುತ್ತೆ, ತೂತು ಎಲ್ಲಿತ್ತು ಅಂತ ನಿಮಗೆ ಗೊತ್ತಾಗುತ್ತೆ.