ಅಪ್‌ಡೇಟ್: ಮಾಲು ಕೆಟ್ಟ ಮ್ಯಾಲೆ ಮನಸ್ಸು ಗಟ್ಟಿ ಮಾಡ್ಕೊಳ್ಳೋದು ಹೆಂಗ ಅಂತ ಕೇಳಿದ್ದೆ

ನಮಸ್ಕಾರ್ರೀ. ವಿಜಯಪುರ ಜಿಲ್ಲಾದ ತಿಕೋಟಾ ಕಡೆ ನಮ್ಮ ಶೆಡ್‌ನ್ಯಾಗಿನ ಒಣದ್ರಾಕ್ಷಿ ಅಕಾಲಿಕ ಮಳಿಗೆ ಕಪ್ಪಾಗಿ, ಸಾಲದ ಚಿಂತ್ಯಾಗ ನಿದ್ದಿ ಬರವಲ್ದು ಅಂತ ಬರದಿದ್ದೆ.

ಕೈ ಹಿಡಿದದ್ದು 14416, ಟೆಲಿ ಮಾನಸ್ ಅನ್ನೋ ಮನಸ್ಸಿನ ಆರೋಗ್ಯದ ಸಹಾಯವಾಣಿ. ಸರ್ಕಾರದ್ದು, ಪುಕ್ಕಟೆ, ರಾತ್ರಿನೂ ಇರತೈತಿ, ಕನ್ನಡದಾಗ ಮಾತಾಡ್ತಾರ. ನಂಬರ್ ಕೊಟ್ಟ ಅಕ್ಕಾರಿಗೆ ಶರಣು. ಚಿಂತಿಗೆ ಸಂಜಿಮುಂದ ಒಂದು ಹೊತ್ತು ಇಟ್ಟು ಹಾಳಿ ಮ್ಯಾಲೆ ಬರೀರಿ ಅಂತ ಸಹಾಯವಾಣ್ಯಾಗ ಮಾತಾಡಿದವರು ಅಂದ್ರು. ನಮ್ಮ ಕೈಯಾಗಿದ್ದದ್ದು ಒಂದ್ ಕಡೆ, ಇಲ್ಲದ್ದು ಇನ್ನೊಂದ್ ಕಡೆ. ಮಳಿ ಕೈಯಾಗಿಲ್ಲ, ಸಾಲದ ಕಂತಿನ ಮಾತು ಐತಿ. ಬ್ಯಾಂಕಿಗೆ ಹೋಗಿ ಕಂತು ಮುಂದೂಡಾಕ ಅರ್ಜಿ ಕೊಟ್ಟೆ. ಉತ್ತರ ಇನ್ನೂ ಬಂದಿಲ್ಲ, ನಿದ್ದಿ ಮಾತ್ರ ಬರಾಕತ್ತೈತಿ.

ಸ್ಫೂರ್ತಿ ವಿಡಿಯೋ ನನಗ ನಾಟಲಿಲ್ಲ. ಅಚ್ಚರಿ ಅಂದ್ರ, ಚಾದಂಗಡ್ಯಾಗ ಬಾಯಿ ಬಿಟ್ಟು ಹೇಳಿದಾಗ ಬಾಜೂಕ ಕುಂತವರದ್ದೂ ಇದೇ ಕಥಿ. ಮನಿ ಹೆಣ್ಮಕ್ಕಳಿಗೂ ಈ ನಂಬರ್ ಕೊಡ್ರಿ, ಅವರ ಚಿಂತಿ ಯಾರೂ ಕೇಳಂಗಿಲ್ಲ.