20ಕ್ಕೆ ಕರೆಕ್ಟು, 50ಕ್ಕೆ ಒಂದು ಗೇಣು ಕೆಳಗೆ: ಕ್ರಾಸ್‌ಬೋ ಸ್ಕೋಪ್ ಕೆಟ್ಟಿದೆಯಾ?

ಕಲ್ಪತರು_ತೋಟ (ತುಮಕೂರು):
ತಲೆ ಕೆಟ್ಟುಹೋಗಿದೆ. 20 ಮೀಟರಿಗೆ ಹೊಡೆದ್ರೆ ಚುಕ್ಕೆ ಮೇಲೇ ಕೂರತ್ತೆ, ಬಾಣಕ್ಕೆ ಬಾಣ ತಾಗತ್ತೆ. 50ಕ್ಕೆ ಹೋದ್ರೆ ಒಂದು ಗೇಣು ಕೆಳಗೆ, ಪ್ರತಿ ಸಲವೂ. ಸ್ಕೋಪಿನ (ಗುರಿ ನೋಡೋ ದುರ್ಬೀನು) ನಾಬ್ ತಿರುಗಿಸಿ 50 ಸರಿ ಮಾಡಿದ್ರೆ 20 ಮೇಲಕ್ಕೆ ಹೋಗತ್ತೆ. ಸಾಲದ್ದಕ್ಕೆ 50ರಲ್ಲಿ ಎಡಬಲಕ್ಕೂ ಅಂಗೈ ಅಗಲ ಚೆಲ್ಲಾಡ್ತಿದೆ. ಬೇರೆ ಬಾಣ ತಂದಮೇಲೆ ಶುರುವಾಗಿದ್ದು. ಮಿಕ್ಕಿದ್ದೇನೂ ಬದಲಾಯಿಸಿಲ್ಲ. ಸ್ಕೋಪ್ ವಾಪಸ್ ಕಳಿಸ್ಲಾ?

ಅಂತರಗಂಗೆ (ಕೋಲಾರ):
ಬಾಣ ಬದಲಾಯಿಸಿದ್ದೇ ದೊಡ್ಡ ಬದಲಾವಣೆ ಸಾರ್. ಬಿಲ್ಲಿನ ವೇಗ ಎಷ್ಟು, ಆ ವೇಗ ಎಷ್ಟು ಗ್ರೇನ್ (ತೂಕದ ಸಣ್ಣ ಅಳತೆ) ಬಾಣದಲ್ಲಿ ಅಳೆದದ್ದು, ಈಗಿನ ಬಾಣ ಮೊನೆ ಸೇರಿ ಎಷ್ಟು ತೂಗತ್ತೆ, ನಾಕ್ (ಹೆದೆ ತಾಗೋ ಬಾಣದ ಹಿಂತುದಿ) ಚಪ್ಪಟೆಯೋ ಅರ್ಧಚಂದ್ರವೋ, ಸ್ಕೋಪಿನ ವೇಗದ ರಿಂಗ್ ಯಾವ ನಂಬರಿಗಿದೆ? ಇಷ್ಟು ಹೇಳದೆ ಸ್ಕೋಪ್ ಬೈದು ಉಪಯೋಗ ಇಲ್ಲ.

ಮೂತಿಭಾರ (ಚಿಂತಾಮಣಿ):
ಇದು ಎಫ್‌ಒಸಿ, ಅಂದ್ರೆ ಬಾಣದ ಮುಂಭಾರದ ಸಮಸ್ಯೆ, ಕಣ್ಮುಚ್ಕೊಂಡು ಹೇಳ್ತೀನಿ. ಮುಂಭಾರ ಕಮ್ಮಿಯಾದ್ರೆ ಬಾಣ ಬಾಲ ಅಲ್ಲಾಡಿಸ್ಕೊಂಡು ಹೋಗತ್ತೆ, ದೂರಕ್ಕೆ ಚೆಲ್ಲಾಡತ್ತೆ. ಮೊನೆ ಹಾಕಿ, ಬಾಣವನ್ನ ಚಾಕುವಿನ ಬೆನ್ನಿನ ಮೇಲಿಟ್ಟು ತೂಗಿಸಿ. ಸಮ ನಿಂತ ಜಾಗಕ್ಕೆ ನಾಕ್ ಕಡೆಯಿಂದ ಅಳತೆ ತಗೊಂಡು ಒಟ್ಟು ಉದ್ದದ ಅರ್ಧ ಕಳೆಯಿರಿ, ಬಂದದ್ದನ್ನ ಉದ್ದದಿಂದ ಭಾಗಿಸಿ 100ರಿಂದ ಗುಣಿಸಿ. 10ಕ್ಕಿಂತ ಕೆಳಗಿದ್ರೆ ಮೊನೆ ಬದಲಾಯಿಸಿ.

ಕಲ್ಪತರು_ತೋಟ:
ಬಿಲ್ಲು 350 ಎಫ್‌ಪಿಎಸ್ (ಸೆಕೆಂಡಿಗೆ ಅಡಿ), 380 ಗ್ರೇನ್ ಬಾಣಕ್ಕೆ. ಈಗಿನ ಬಾಣ 20 ಇಂಚು, ಹಿತ್ತಾಳೆ ಇನ್ಸರ್ಟ್ (ಮೊನೆ ತಿರುಗಿಸೋ ಗೂಡು), 125 ಗ್ರೇನ್ ಮೊನೆ. ಡಬ್ಬಿ ಮೇಲೆ ತೂಕ ಇಲ್ಲ. ಎಫ್‌ಒಸಿ ನೋಡಿದೆ: 13 ಇಂಚಿಗೆ ಸಮ ನಿಂತಿತು.

ಮೂತಿಭಾರ:
13ರಲ್ಲಿ 10 ಕಳೆದ್ರೆ 3. 15 ಪರ್ಸೆಂಟ್. ಪರವಾಗಿಲ್ಲ, ಆದ್ರೂ 20 ಪರ್ಸೆಂಟಿಗೆ ತಗೊಂಡು ಹೋಗಿ. 200 ಗ್ರೇನ್ ಮೊನೆ ಹಾಕಿ ನೋಡಿ.

ಅಂತರಗಂಗೆ:
ಕೆಳಗೆ ಬೀಳೋ ಬಾಣಕ್ಕೆ ಇನ್ನೂ 75 ಗ್ರೇನ್ ಹೇರಿದ್ರೆ ಮೇಲೇಳತ್ತಾ? 15 ಪರ್ಸೆಂಟ್ ಇದ್ದಮೇಲೆ ಎಫ್‌ಒಸಿ ಮಾತು ಮುಗೀತು. ಪ್ರತಿ ಸಲವೂ ಅದೇ ಗೇಣು ಕೆಳಗೆ ಅಂದ್ರೆ ಅದು ವೇಗದ ಲೆಕ್ಕ, ಬಾಲ ಅಲ್ಲಾಡೋ ಕಥೆ ಅಲ್ಲ.
ಮೊದಲು ತೂಕ. ಚಿನ್ನದ ಅಂಗಡಿ ತಕ್ಕಡಿ ಸಾಕು. ಬಾಣ ಉದ್ದ, ಗಾಜಿನ ಮುಚ್ಚಳ ಹಾಕಕ್ಕಾಗಲ್ಲ, ಅದಕ್ಕೆ ಫ್ಯಾನ್ ಆರಿಸಿಸಿ. ತಟ್ಟೆ ಮೇಲೊಂದು ಸಣ್ಣ ಲೋಟ ಇಟ್ಟು ಸೊನ್ನೆ ಮಾಡಿ, ಲೋಟದಲ್ಲಿ ಬಾಣ ನಿಲ್ಲಿಸಿ, ಬೇರೆಲ್ಲೂ ಒರಗಬಾರದು. ಗ್ರಾಂ ಬಂದದ್ದನ್ನ 15.43ರಿಂದ ಗುಣಿಸಿ. ಒಂದೇ ಬಾಣ ಅಲ್ಲ, ಎಲ್ಲಾನೂ ತೂಗಿ.

ಶಿಡ್ಲಘಟ್ಟ_ಗೂಡು:
ಬಾಣ ಬಾಣ ಅಂತಿದೀರಲ್ಲ, ಕ್ರಾಸ್‌ಬೋದು ಬೋಲ್ಟ್ ಅಲ್ವಾ?

ನಂದಿಗಾಳಿ (ಚಿಕ್ಕಬಳ್ಳಾಪುರ):
ನಮ್ಮ ಕಡೆ ಬೋಲ್ಟ್ ಅಂದ್ರೆ ಬೋರ್‌ವೆಲ್ ಪೈಪಿನ ಫ್ಲ್ಯಾಂಜಿಗೆ ಹಾಕೋದು. ಪುಕ್ಕ ಇದೆ, ಮೊನೆ ಇದೆ, ಬಾಣ ಅನ್ನಿ.

ಶಿಡ್ಲಘಟ್ಟ_ಗೂಡು:
ತಾಂತ್ರಿಕವಾಗಿ ತಪ್ಪು ಅಂದೆ ಅಷ್ಟೆ. ಇರಲಿ, ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ತವೆ, 50ರಿಂದ ಈ ಪವರ್ ಸಾಕಾ?

ನಿರ್ವಾಹಕ:
ಆ ಪ್ರಶ್ನೆ ಇಲ್ಲಿಗೇ ನಿಲ್ಲಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆಯುಧ ಅಂತ ಹೆಸರಿಸೋ ಪಟ್ಟಿಯಲ್ಲಿ ಬಿಲ್ಲುಬಾಣವೂ ಇದೆ. ಇಲ್ಲಿ ಗುರಿಹಲಗೆಯ ಮಾತು ಮಾತ್ರ.

ಕಲ್ಪತರು_ತೋಟ:
ತೂಗಿಸಿದೆ. 29.8, 29.7, 29.9, 29.8, 30.6, 29.8 ಗ್ರಾಂ. ರಿಂಗ್ 350ರಲ್ಲೇ ಇದೆ, ಬಿಲ್ಲು 350 ಅಲ್ವಾ.

ಅಂತರಗಂಗೆ:
ಅಲ್ಲೇ ಇರೋದು ನೋಡಿ. 29.8 ಗ್ರಾಂ ಅಂದ್ರೆ 460 ಗ್ರೇನ್. 380ಕ್ಕೆ 350 ಕೊಡೋ ಬಿಲ್ಲು 460ಕ್ಕೂ 350 ಕೊಡಲ್ಲ. ಬಿಲ್ಲು ಕೊಡೋ ಶಕ್ತಿ ಹೆಚ್ಚುಕಮ್ಮಿ ಅಷ್ಟೇ: ಗ್ರೇನ್ × ವೇಗ × ವೇಗ ÷ 450240. ನಿಮ್ಮದು 103 ಅಡಿ-ಪೌಂಡ್. ಅದನ್ನೇ 460ಕ್ಕೆ ಹಂಚಿದ್ರೆ 318 ಬರತ್ತೆ. ಭಾರದ ಬಾಣ ಬಿಲ್ಲಿನ ಶಕ್ತಿನ ಸ್ವಲ್ಪ ಹೆಚ್ಚು ಹೀರ್ಕೊಳ್ಳೋದ್ರಿಂದ 320 ಅಂತ ಇಟ್ಕೊಳ್ಳಿ. 10 ಗ್ರೇನ್ ಏರಿದ್ರೆ ಸುಮಾರು 4 ಎಫ್‌ಪಿಎಸ್ ಇಳಿಯತ್ತೆ.
ಸ್ಕೋಪಿನೊಳಗೆ ಒಂದೊಂದು ದೂರಕ್ಕೆ ಒಂದೊಂದು ಗೆರೆ ಇದೆ. ನಾಬ್ ತಿರುಗಿಸಿದ್ರೆ ಎಲ್ಲಾ ಗೆರೆಗಳೂ ಒಟ್ಟಿಗೆ ಸರಿಯತ್ತೆ. ಅದಕ್ಕೇ 50 ಸರಿಯಾದ್ರೆ 20 ಕೆಡ್ತಿರೋದು. ಗೆರೆಗಳ ನಡುವಿನ ಅಂತರ ಬದಲಿಸೋದು ರಿಂಗ್. 350ರಲ್ಲಿ ಬಿಟ್ಟು 320ರ ಬಾಣ ಹೊಡೆದ್ರೆ 50 ಮೀಟರಿಗೆ 11–12 ಸೆಂ.ಮೀ. ಕೆಳಗೆ ಬೀಳಬೇಕು. ನಿಮ್ಮದು ಗೇಣು, ಅಂದ್ರೆ 20 ಸೆಂ.ಮೀ. ಹತ್ತಿರ. ಉಳಿದ 8 ಎಲ್ಲಿಂದ ಬಂತು? ದೂರ ಹೇಗೆ ಅಳೆದ್ರಿ?

ಕಲ್ಪತರು_ತೋಟ:
ಸರ್ವೆ ಟೇಪ್ ಹಿಡಿದೇ ಅಳೆದದ್ದು. ಒಂದು ತೆಂಗಿನ ಮರದಿಂದ ನೇರ 50 ಮೀಟರ್. ಅದ್ರಲ್ಲಿ ತಪ್ಪಿಲ್ಲ.

ಅಂತರಗಂಗೆ:
ತಪ್ಪಿರೋದು ಅದ್ರಲ್ಲೇ. ಈ ಥರದ ಸ್ಕೋಪಿನ 20, 30, 40, 50ರ ಗೆರೆಗಳು ಗಜದ ಲೆಕ್ಕ. 50 ಗಜ ಅಂದ್ರೆ 45.7 ಮೀಟರ್. 20ರಲ್ಲಿ ವ್ಯತ್ಯಾಸ ಬೆರಳಗಲವೂ ಇಲ್ಲ, ನಾಬ್‌ನಲ್ಲಿ ಮುಚ್ಚಿಹೋಗತ್ತೆ. 50ರಲ್ಲಿ 7–8 ಸೆಂ.ಮೀ. ತಿಂದುಬಿಡತ್ತೆ. ಎರಡೂ ಸೇರಿಸಿದ್ರೆ 19, ಗಾಳಿಯ ತಡೆಗೆ ಇನ್ನೊಂದೆರಡು. ನಿಮ್ಮ ಗೇಣು ಸಿಕ್ತು. ಸ್ಕೋಪ್ ಸರಿಯಾಗೇ ಇದೆ.
ಟೇಪ್ ಬದಲಾಯಿಸೋದು ಬೇಡ. ನಿಜವಾದ ವೇಗವನ್ನ 1.046ರಿಂದ ಭಾಗಿಸಿ ರಿಂಗ್ ಅಲ್ಲಿಗಿಡಿ, ಗೆರೆಗಳು ಮೀಟರ್ ಲೆಕ್ಕಕ್ಕೇ ಕೂರ್ತವೆ. 320 ÷ 1.046 = 306. ರಿಂಗ್ ಮೇಲೆ 306 ಅಂತ ಇರಲ್ಲ, 300 ದಾಟಿ ಒಂದು ಕೂದಲು. ಆಮೇಲೆ 20 ಮೀಟರಿಗೆ ನಾಬ್‌ನಲ್ಲಿ ಮತ್ತೆ ಕೂರಿಸಿ, ಅಲ್ಲಿಂದ 50 ನೋಡಿ. ಇನ್ನೂ ಕೆಳಗಿದ್ರೆ ರಿಂಗ್ ಮಾತ್ರ ಕಡಿಮೆ ನಂಬರಿನ ಕಡೆಗೆ, ನಾಬ್ ಮುಟ್ಟಬೇಡಿ. ಕೊನೆಗೆ ಸಿಕ್ಕ ಜಾಗದಲ್ಲಿ ಬಿಳಿ ಪೇಂಟಿಂದ ಚುಕ್ಕೆ ಇಡಿ.
ಆ 30.6ರದ್ದನ್ನ ಪಕ್ಕಕ್ಕಿಡಿ. 12 ಗ್ರೇನ್ ಹೆಚ್ಚು, 50ರಲ್ಲಿ ಅದೊಂದೇ ಸುಮಾರು 3 ಸೆಂ.ಮೀ. ಕೆಳಗೆ ಬೀಳತ್ತೆ.

ನಂದಿಗಾಳಿ:
ಇಷ್ಟೆಲ್ಲಾ ಸರ್ಕಸ್ ಯಾಕೆ, ಹಗುರ ಬಾಣ ಹಾಕಿ. 340 ಗ್ರೇನ್ ಹಾಕಿದ್ರೆ ಗೆರೆಯಂತೆ ಹೋಗತ್ತೆ. ನನ್ನ ಸೆಟಪ್ 400 ಎಫ್‌ಪಿಎಸ್ ದಾಟತ್ತೆ, ವೇಗ ಅಳೆಯೋ ಕ್ರೋನೋಗ್ರಾಫ್ ಫೋಟೋ ಬೇಕಾದ್ರೆ ಹಾಕ್ತೀನಿ.

ಅಂತರಗಂಗೆ:
ಅಣ್ಣ, ಅವರ ಬಿಲ್ಲಿಗೆ ಕನಿಷ್ಠ ತೂಕ ಮ್ಯಾನುಯಲ್‌ನಲ್ಲಿ ಎಷ್ಟಿದೆ ಅಂತ ನೋಡದೆ 340 ಅನ್ನಬೇಡಿ. ಹಗುರ ಬಾಣ ಹೀರದ ಶಕ್ತಿಯೆಲ್ಲ ಲಿಂಬ್‌ಗೆ (ಬಿಲ್ಲಿನ ಬಾಗೋ ತೋಳು), ಹೆದೆಗೆ, ಕ್ಯಾಮ್‌ಗೆ (ತೋಳಿನ ತುದಿಯ ಚಕ್ರ) ವಾಪಸ್. ಬಾಣ ಇಲ್ಲದೆ ಖಾಲಿ ಹೊಡೆದದ್ದರ ಅರ್ಧ ಇದ್ದಂಗೆ. ಕಾಗದಕ್ಕೆ ಹೊಡೆಯೋರಿಗೆ 400ರಿಂದ 430 ಗ್ರೇನ್ ಹಿತ. ಸದ್ದೂ ಕಮ್ಮಿ, ಬೀಳೋದೂ ಮಿತಿಯಲ್ಲಿ. 460ರಲ್ಲಿ ನಿಖರತೆ ಹೋಗಲ್ಲ, ದೂರ ಅಂದಾಜು ತಪ್ಪಿದ್ರೆ ಶಿಕ್ಷೆ ಜಾಸ್ತಿ, ಅಷ್ಟೇ ವ್ಯತ್ಯಾಸ.

ಕಲ್ಪತರು_ತೋಟ:
ರಿಂಗ್ 300 ದಾಟಿ ಇಟ್ಟೆ. 50 ಮೀಟರಿಗೆ ಎತ್ತರ ಸರಿಹೋಯ್ತು, ಮೇಲೆ ಕೆಳಗೆ ಮೂರು ಬೆರಳಿನೊಳಗೇ ಇದೆ! ಎಡಬಲ ಮಾತ್ರ ಹಾಗೇ. ಹೆದೆ ಕೈಯಲ್ಲೇ ಎಳೀತೀನಿ, ಹಗ್ಗ ಇಲ್ಲ.

ಅಂತರಗಂಗೆ:
ಕೈಯಲ್ಲಿ ಎಳೆದ್ರೆ ಒಂದು ಕೈ ಇನ್ನೊಂದಕ್ಕಿಂತ ಚೂರು ಹೆಚ್ಚು ಎಳೆಯೋ ಸಾಧ್ಯತೆ ಜಾಸ್ತಿ. ಹೆದೆ ಆರಾಮಾಗಿರೋವಾಗ ರೈಲಿನ (ಬಾಣ ಕೂರೋ ಹಳಿ) ಎರಡೂ ಅಂಚಿಗೆ ತಾಗೋ ಜಾಗದಲ್ಲಿ ಮಾರ್ಕರ್‌ನಿಂದ ಗೀಟು ಹಾಕಿ. ಎಳೆದು ಲ್ಯಾಚಿಗೆ ಕೂರಿಸಿದಮೇಲೆ ಆ ಗೀಟುಗಳು ಎರಡೂ ಕಡೆ ರೈಲಿನಿಂದ ಒಂದೇ ದೂರದಲ್ಲಿರಬೇಕು. ಒಂದು ಕಡೆ 3 ಮಿ.ಮೀ. ಸರಿದಿದ್ರೂ ಲಿಂಬ್‌ಗಳು ಸಮ ಬಾಗಲ್ಲ, ಬಾಣ ಪಕ್ಕಕ್ಕೆ ಹೋಗತ್ತೆ. ಎಳೆಯೋ ಹಗ್ಗ ತಗೊಳ್ಳಿ, ಭಾರವೂ ಅರ್ಧ ಆಗತ್ತೆ.
ನಾಕ್ ಯಾವ್ದು ಅಂತ ಇನ್ನೂ ಹೇಳಿಲ್ಲ ನೀವು.

ಕಲ್ಪತರು_ತೋಟ:
ಚಪ್ಪಟೆ. ಹಳೇದು ಮಧ್ಯ ಗುಳಿ ಇತ್ತು. ಅದು ಮುಖ್ಯನಾ?

ಅಂತರಗಂಗೆ:
ಹೊಡೆಯೋದು ನಿಲ್ಲಿಸಿ. ಈಗಲೇ.
ಗುಳಿ ನಾಕ್ ಕೇಳೋ ಬಿಲ್ಲಿಗೆ ಚಪ್ಪಟೆ ಹಾಕಿದ್ರೆ ಹೆದೆ ಬಾಣದ ಮೇಲೆ ಹತ್ತಬಹುದು, ಕೆಳಗೆ ನುಸುಳಬಹುದು. ಬಾಣ ಅಲ್ಲೇ ಉಳಿದು ಬಿಲ್ಲು ಖಾಲಿ ಹೊಡೆದ್ರೆ ಲಿಂಬ್ ಒಡೆಯತ್ತೆ. ಹೆದೆ ನಡುವಿನ ಸರ್ವಿಂಗ್ (ಹೆದೆಗೆ ಸುತ್ತಿರೋ ರಕ್ಷಣೆಯ ದಾರ) ಮೇಲೆ ಉಗುರು ಎಳೆದು ನೋಡಿ, ಎಳೆ ಎದ್ದಿದ್ರೆ ಅಥವಾ ಒಂದೇ ಕಡೆ ನುಣುಪಾಗಿ ಹೊಳೀತಿದ್ರೆ ಹೆದೆ ಆಗ್ಲೇ ಹತ್ತಿಳೀತಿರಬಹುದು. ಮ್ಯಾನುಯಲ್ ಯಾವ ನಾಕ್ ಅನ್ನತ್ತೋ ಅದೇ. ಒತ್ತಿ ಕೂರಿಸಿರೋ ನಾಕ್ ಆದ್ರೆ ಕಿತ್ತು ಬದಲಾಯಿಸಬಹುದು, ಬೇರೆ ಬಣ್ಣದ ವೇನ್ (ಪುಕ್ಕ) ರೈಲಿನ ಕಾಲುವೆಯಲ್ಲಿ ಕೂತಾಗ ಗುಳಿಯೊಳಗೆ ಹೆದೆ ಕೂರೋಹಾಗೆ ತಿರುಗಿಸಿ ಕೂರಿಸಿ. ಅಂಟು ಹಾಕಿದ್ರೆ ಬೆಂಕಿ ತೋರಿಸಬೇಡಿ, ಕಾರ್ಬನ್ ಹಾಳಾಗತ್ತೆ. ಬಾಣ ಇಡೋವಾಗ ಹೆದೆಗೂ ನಾಕ್‌ಗೂ ನಡುವೆ ಕಾಗದದಷ್ಟೂ ಸಂದು ಇರಬಾರದು.

ಕಲ್ಪತರು_ತೋಟ:
ಎಳೆ ಎದ್ದಿದೆ, ಮೇಲ್ಗಡೆ. ಮ್ಯಾನುಯಲ್ ಎಲ್ಲಿಟ್ನೋ ಗೊತ್ತಿಲ್ಲ, ಹುಡುಕ್ತೀನಿ. ಸರ್ವಿಂಗ್ ಮನೇಲೇ ಸುತ್ತಬಹುದಾ, ಹೆದೆನೇ ಬದಲಾಯಿಸ್ಬೇಕಾ?

ಮೂತಿಭಾರ:
ಸರ್ವಿಂಗ್ ಆಮೇಲೆ ನೋಡ್ಕೊಳ್ಳಿ. ಎಡಬಲ ಇನ್ನೂ ಚೆಲ್ಲಾಡ್ತಿದೆ ಅಂದ್ರಲ್ಲ, 20 ಪರ್ಸೆಂಟ್ ಮಾಡಿ ನೋಡಿದ್ರಾ?