ಸ್ಪಾರ್ಸ್ ಚೆಕ್‌ಔಟ್ ಮಾಡಿದರೂ .ಗಿಟ್ ಫೋಲ್ಡರ್ 9 ಜಿಬಿ ಇದೆ, ಯಾಕೆ?

ಶಿರಸಿಯಿಂದ:
ನಮಸ್ಕಾರ. ನಾನು ಊರಲ್ಲೇ ಇದ್ದು ಕೆಲಸ ಮಾಡುತ್ತೇನೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ದಿನಕ್ಕೆ 2 ಜಿಬಿ ಸಿಗುತ್ತದೆ, ಅಷ್ಟೇ. ನಮ್ಮ ಪ್ರಾಜೆಕ್ಟ್ ಮೊದಲು ಸಬ್‌ವರ್ಷನ್‌ನಲ್ಲಿತ್ತು (ಫೈಲ್‌ಗಳ ಬದಲಾವಣೆಯ ಇತಿಹಾಸ ಇಡುವ ಸಾಧನ). ಡೆಪ್ತ್ ಎಂಪ್ಟಿ ಕೊಟ್ಟು ಖಾಲಿ ಚೆಕ್‌ಔಟ್ ಮಾಡಿ, ಆಮೇಲೆ ಸೆಟ್-ಡೆಪ್ತ್‌ನಿಂದ ಡಾಕ್ಸ್ ಫೋಲ್ಡರ್ ಒಂದನ್ನೇ ಇಳಿಸಿಕೊಳ್ಳುತ್ತಿದ್ದೆ. ಈಗ ಅದೇ ಕೆಲಸ ಮಾಡುವ ಗಿಟ್‌ಗೆ ಬಂದಿದ್ದೇವೆ. ಪೇಟೆಯಲ್ಲಿರುವ ಅಕ್ಕನ ಮನೆ ವೈಫೈನಲ್ಲಿ ಕ್ಲೋನ್ ಮಾಡಿ (ಅಂದರೆ ಪ್ರಾಜೆಕ್ಟ್‌ನ ಪ್ರತಿ ಇಳಿಸಿಕೊಂಡು), ಡಾಕ್ಸ್ ಫೋಲ್ಡರ್ ಮಾತ್ರ ಉಳಿಯಲಿ ಅಂತ ಸ್ಪಾರ್ಸ್-ಚೆಕ್‌ಔಟ್ ಸೆಟ್ ಡಾಕ್ಸ್ ಕಮಾಂಡ್ ಕೊಟ್ಟೆ. ಉಳಿದ ಫೋಲ್ಡರ್‌ಗಳು ಹೋದವು, ಆದರೆ ಇತಿಹಾಸ ಇಡುವ .ಗಿಟ್ ಫೋಲ್ಡರ್ ಮಾತ್ರ 9 ಜಿಬಿ! ಪ್ರತಿ ಸಲ ಅಕ್ಕನ ಮನೆಗೆ ಓಡೋಕಾಗಲ್ಲ ಅಲ್ವಾ?

ಹಳೆ ಅಡ್ಮಿನ್:
ಸ್ಪಾರ್ಸ್ ಚೆಕ್‌ಔಟ್ ಡಿಸ್ಕ್ ಮೇಲೆ ಯಾವ ಫೈಲ್ ಕಾಣಬೇಕು ಅನ್ನೋದನ್ನು ಮಾತ್ರ ನೋಡುತ್ತದೆ. ಇತಿಹಾಸ ಪೂರ್ತಿ ಕ್ಲೋನ್ ಮಾಡುವಾಗಲೇ ಬಂದುಬಿಟ್ಟಿರುತ್ತದೆ. ಸಬ್‌ವರ್ಷನ್‌ನಲ್ಲಿ ಇತಿಹಾಸ ಸರ್ವರ್‌ನಲ್ಲೇ ಇರುತ್ತದೆ, ಹಾಗಾಗಿ 1.5ನೇ ಆವೃತ್ತಿಯಿಂದ (2008) ಒಂದು ಫೋಲ್ಡರ್ ಮಾತ್ರ ತರುವುದು ಸುಲಭವಾಯಿತು. ಗಿಟ್‌ನಲ್ಲಿ ಪ್ರತಿ ಕಮಿಟ್ (ಉಳಿಸಿದ ಒಂದೊಂದು ಬದಲಾವಣೆ) ಇಡೀ ಪ್ರಾಜೆಕ್ಟ್‌ನ ಫೋಲ್ಡರ್ ಮರವನ್ನು ತೋರಿಸುತ್ತದೆ. ನಿಮಗೆ ಬೇಕಿರುವುದು ಪಾರ್ಷಿಯಲ್ ಕ್ಲೋನ್. ಹೊಸದಾಗಿ ಕ್ಲೋನ್ ಮಾಡುವಾಗ ಫಿಲ್ಟರ್‌ಗೆ ಬ್ಲಾಬ್:ನನ್ ಕೊಡಿ (ಬ್ಲಾಬ್ ಅಂದರೆ ಫೈಲ್‌ನ ಒಳಗಿನದು), ಜೊತೆಗೆ ಸ್ಪಾರ್ಸ್ ಆಯ್ಕೆಯನ್ನೂ ಹಾಕಿ. ಕಮಿಟ್‌ಗಳು, ಫೋಲ್ಡರ್ ಪಟ್ಟಿಗಳು ಬರುತ್ತವೆ. ಫೈಲ್‌ಗಳ ಒಳಗಿನದು ಬೇಕಾದಾಗ ಮಾತ್ರ ಇಳಿಯುತ್ತದೆ. ಡೆಪ್ತ್ 1 ಹಾಕಬೇಡಿ, ಅದು ಇತಿಹಾಸವನ್ನೇ ಕತ್ತರಿಸುತ್ತದೆ.

ಶಿರಸಿಯಿಂದ:
ಮಾಡಿದೆ ಸರ್. ಫಿಲ್ಟರ್ ಸರ್ವರ್‌ಗೆ ಗೊತ್ತಿಲ್ಲ, ಬಿಟ್ಟುಬಿಡುತ್ತಿದ್ದೇನೆ ಅಂತ ಎಚ್ಚರಿಕೆ ಬಂತು. ಮತ್ತೆ ಎಲ್ಲ ಇಳಿಯೋಕೆ ಶುರುವಾಯಿತು, ಅರ್ಧದಲ್ಲೇ ನಿಲ್ಲಿಸಿದೆ. ಅವತ್ತಿನ ಡೇಟಾ ಪೂರ್ತಿ ಹೋಯಿತು.

ಬಿಲ್ಡ್ ಮನೆ:
ನಿಮ್ಮ ಸರ್ವರ್‌ನಲ್ಲಿ ಫಿಲ್ಟರ್‌ಗೆ ಅನುಮತಿ ಕೊಡುವ ಅಪ್‌ಲೋಡ್‌ಪ್ಯಾಕ್.ಅಲೋಫಿಲ್ಟರ್ ಸೆಟ್ಟಿಂಗ್ ಆನ್ ಆಗಿಲ್ಲ. ಅದನ್ನು ಟ್ರೂ ಮಾಡೋಕೆ ಹೇಳಿ, ಒಂದೇ ಸಾಲಿನ ಕೆಲಸ. ಇನ್ನೊಂದು ವಿಷಯ: ಕೋನ್ ಮೋಡ್‌ನಲ್ಲಿ (ಸ್ಪಾರ್ಸ್ ಚೆಕ್‌ಔಟ್‌ನಲ್ಲಿ ಫೋಲ್ಡರ್ ಲೆಕ್ಕದಲ್ಲಿ ಆರಿಸುವ ರೀತಿ) ಪ್ರಾಜೆಕ್ಟ್‌ನ ಎಲ್ಲಕ್ಕಿಂತ ಮೇಲಿನ ಫೋಲ್ಡರ್‌ನ ಬಿಡಿ ಫೈಲ್‌ಗಳು ಬಂದೇ ಬರುತ್ತವೆ. ದೊಡ್ಡ ಜಿಪ್ ಏನಾದರೂ ಅಲ್ಲಿದ್ದರೆ ಒಳಗೆಲ್ಲಾದರೂ ಸರಿಸಿ.

ಶಿರಸಿಯಿಂದ:
ಆಯ್ತು! ನಮ್ಮ ಸರ್ವರ್ ಅಡ್ಮಿನ್ ಆನ್ ಮಾಡಿದರು. ಈಗ .ಗಿಟ್ 310 ಎಂಬಿ. ನಿನ್ನೆ ಮನೆಯಲ್ಲೇ ಕೂತು ಕ್ಲೋನ್ ಮುಗಿಸಿದೆ, ತುಂಬಾ ಖುಷಿಯಾಯಿತು. ಆದರೆ ಯಾವ ಸಾಲು ಯಾರು ಬರೆದರು ಅಂತ ನೋಡೋಕೆ ಬ್ಲೇಮ್ ಕಮಾಂಡ್ ಕೊಟ್ಟರೆ ಒಂದೊಂದೇ ಫೈಲ್ ಇಳಿಸಿಕೊಂಡು ಕೂರುತ್ತದೆ. ನಮ್ಮಲ್ಲಿ ಮಳೆ ಬಂದರೆ ಸಿಗ್ನಲ್ ಇರುವುದಿಲ್ಲ, ಆಗ ಏನು ಮಾಡಲಿ?

ಹಳೆ ಅಡ್ಮಿನ್:
ಗಿಟ್ 2.49 ಹಾಕಿಕೊಳ್ಳಿ. ಅದರಲ್ಲಿ ಬ್ಯಾಕ್‌ಫಿಲ್ ಅನ್ನೋ ಕಮಾಂಡ್ ಬಂದಿದೆ. ಸ್ಪಾರ್ಸ್ ಆಯ್ಕೆಯ ಜೊತೆ ಓಡಿಸಿದರೆ ಡಾಕ್ಸ್‌ನ ಹಳೆಯ ಆವೃತ್ತಿಗಳನ್ನು ಗುಂಪುಗುಂಪಾಗಿ ತಂದಿಡುತ್ತದೆ. ಸಿಗ್ನಲ್ ಇರುವಾಗಲೇ ಒಮ್ಮೆ ಓಡಿಸಿಬಿಡಿ.